ಕಾಲುಚೀಲ ನೇಯುವವರ ಸೇತುವೆ

ಆ ಶುಕ್ರವಾರ ನನ್ನ ಟ್ರಾಮಿನಲ್ಲಿದ್ದ ಇಪ್ಪತ್ತಕ್ಕೂ ಹೆಚ್ಚು ಜನ ಇಳಿಯಬೇಕಾದ ಕಡೆ ಇಳಿಯದೆ ಗೂಡ್ಸ್ ಯಾರ್ಡಿನವರೆಗೂ ಬಂದುಬಿಟ್ಟರು. ಟ್ರಾಮಿನಲ್ಲಿ ಏನೂ ಕೆಟ್ಟಿರಲಿಲ್ಲ. ಬ್ರೇಕು, ಬಾಗಿಲು, ಮೈಕು ಎಲ್ಲವೂ ಸರಿಯಾಗಿದ್ದವು. ಕೆಟ್ಟದ್ದು ನನ್ನ ಬಾಯಿ.

ನಿಲ್ದಾಣಗಳ ಹೆಸರು ಹೇಳುವುದಕ್ಕೆ ಟ್ರಾಮಿನಲ್ಲಿ ಒಬ್ಬ ಹೆಂಗಸಿನ ಧ್ವನಿಮುದ್ರಣವಿದೆ. ಆಕೆಗೆ ಎಲ್ಲ ನಿಲ್ದಾಣಗಳೂ ಗೊತ್ತು, ರಿಪೇರಿ ಕೆಲಸಗಳು ಮಾತ್ರ ಗೊತ್ತಿಲ್ಲ. ಹಳೇ ಸೇತುವೆಯನ್ನು ರಿಪೇರಿಗೆಂದು ಮುಚ್ಚಿದ ಮೇಲೆ ನಾಲ್ಕನೇ ನಂಬರಿನ ಟ್ರಾಮು ಅದರ ಹಿಂದಿನ ತಿರುವಿನಲ್ಲೇ ಬೇರೆ ದಾರಿ ಹಿಡಿಯುತ್ತಿತ್ತು. ಅಲ್ಲಿ ಚಾಲಕನೇ ಮೈಕು ಹಿಡಿದು ಹೇಳಬೇಕು: ಶ್ಟ್ರುಂಫ್‌ವಿರ್ಕರ್‌ಬ್ರ್ಯೂಕೆ ಮುಚ್ಚಿದೆ, ಅಲ್ಲಿಗೆ ಹೋಗುವವರು ಇಲ್ಲೇ ಇಳಿಯಿರಿ. ಕಾಲುಚೀಲ ನೇಯುವವರ ಸೇತುವೆ ಎಂದು ಅದರ ಅರ್ಥ. ನೇಯುವವರು ಸತ್ತು ಇನ್ನೂರು ವರ್ಷವಾಗಿದೆ. ಹೆಸರನ್ನು ನನಗಾಗಿ ಉಳಿಸಿಹೋಗಿದ್ದರು.

ಗಂಟಲಿನಲ್ಲಿ ಉರುಳಿಸುವ ಇಲ್ಲಿಯವರ ರಕಾರ ನನಗೆ ಕಷ್ಟವಾಗಿರಲಿಲ್ಲ. ರಶ್ತ್ ಊರಿನಲ್ಲಿ ಹುಟ್ಟಿದವನ ಗಂಟಲು ಅದಕ್ಕಿಂತ ಆಳದ ಸದ್ದುಗಳನ್ನು ಹೊರಡಿಸಬಲ್ಲದು. ಆದರೆ ಪರ್ಷಿಯನ್ ಭಾಷೆಯಲ್ಲಿ ಬೆಳೆದ ಬಾಯಿಗೆ ಶಬ್ದದ ಆರಂಭದಲ್ಲೇ ಒತ್ತೊತ್ತಾಗಿ ನಿಂತ ವ್ಯಂಜನಗಳನ್ನು ಕಂಡರಾಗದು. ಮೊದಲೊಂದು ‘ಎ’ ಸೇರಿಸುತ್ತದೆ, ನಡುವೆ ಇನ್ನೊಂದು ತುರುಕುತ್ತದೆ. ಕೊನೆಗೆ ಆ ಸ್ವರ: ನಾಲಿಗೆ ‘ಈ’ ಎನ್ನಬೇಕು, ತುಟಿ ‘ಊ’ ಎನ್ನಬೇಕು, ಎರಡೂ ಒಂದೇ ಕ್ಷಣದಲ್ಲಿ. ನನ್ನ ಬಾಯಿ ಒಂದು ಸಲಕ್ಕೆ ಒಂದು ಕೆಲಸವನ್ನಷ್ಟೇ ಮಾಡುತ್ತಿತ್ತು. ಎಶ್ಟೆರುಂಫ್‌ವಿರ್ಕರ್‌ಬೆರೂಕೆ ಎಂದು ಹೇಳಿದೆ. ಯಾರೂ ತಲೆ ಎತ್ತಲಿಲ್ಲ.

ತರಬೇತಿ ಕೊಡುವ ಹೆರ್ ಕ್ನಾಪೆ ಯಾರ್ಡಿನಲ್ಲಿ ಜನರ ಬೈಗುಳವನ್ನೆಲ್ಲ ಕೇಳಿಸಿಕೊಂಡು, ಅವರನ್ನು ಎದುರಿನಿಂದ ಬಂದ ಟ್ರಾಮಿಗೆ ಹತ್ತಿಸಿ, ನನ್ನ ಪಕ್ಕಕ್ಕೆ ಬಂದು ನಿಂತರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

"ಗಾಡಿ ಚೆನ್ನಾಗಿ ಓಡಿಸ್ತೀರಿ. ಆದ್ರೆ ಜನಕ್ಕೆ ಇಳೀರಿ ಅಂತ ಹೇಳಕ್ಕೆ ಬರದವರ ಕೈಗೆ ಗಾಡಿ ಕೊಡಕ್ಕಾಗಲ್ಲ. ಮುಂದಿನ ಶುಕ್ರವಾರ ಇನ್ನೊಂದು ಸಲ ನೋಡ್ತೀನಿ. ಅದೇ ಕೊನೆ" ಎಂದರು.

ಕೊನೆ ಎಂದರೆ ಏನೆಂದು ನನಗೆ ಗೊತ್ತಿತ್ತು. ಪಾರ್ಸೆಲ್ ಗೋದಾಮು. ಎರಡು ವರ್ಷ ಅಲ್ಲಿ ಕೆಲಸ ಮಾಡಿದ್ದೆ. ಬೆಲ್ಟಿನ ಮೇಲೆ ಪೆಟ್ಟಿಗೆಗಳು ಬರುತ್ತವೆ, ಎತ್ತಬೇಕು, ಇಡಬೇಕು. ಇಡೀ ಪಾಳಿಯಲ್ಲಿ ಬಾಯಿ ತೆರೆಯುವ ಅಗತ್ಯವಿಲ್ಲ. ಎರಡು ವರ್ಷದಲ್ಲಿ ನನ್ನ ಬಾಯಿ ತುಕ್ಕು ಹಿಡಿದಿದ್ದೂ ಅಲ್ಲಿಯೇ. ಮತ್ತೆ ಅಲ್ಲಿಗೆ ಹೋದರೆ ನಾನು ಈ ಊರಿನಲ್ಲಿ ಇದ್ದೇನೆಂಬುದಕ್ಕೆ ಪೆಟ್ಟಿಗೆಗಳ ಹೊರತು ಸಾಕ್ಷಿ ಇರುವುದಿಲ್ಲ.

ಶನಿವಾರ ಕಟ್ಟಡದ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರದ ಮುಂದೆ ಕುಳಿತು ಅಭ್ಯಾಸ ಮಾಡಿದೆ. ಯಂತ್ರದ ಗಾಜಿನಲ್ಲಿ ನನ್ನ ತುಟಿ ಕಾಣುತ್ತಿತ್ತು, ಅದರ ಹಿಂದೆ ನನ್ನದೇ ಅಂಗಿಗಳು ಉರುಳುತ್ತಿದ್ದವು. ಈ, ಊ. ಈ, ಊ. ನನಗೆ ನನ್ನ ಮುಖ ನೋಡಿ ಅಸಹ್ಯವಾಗುವಷ್ಟು ಹೊತ್ತು ಕುಳಿತಿದ್ದೆ.

ಹಿಂದಿನಿಂದ ಫ್ರೌ ಕ್ಯೂನ್ ಬಂದರು. ಎರಡನೇ ಮಹಡಿಯವರು, ಎಪ್ಪತ್ತನಾಲ್ಕು ವರ್ಷ. ಊರಿನ ನಾಟಕಶಾಲೆಯಲ್ಲಿ ಮೂವತ್ತೊಂದು ವರ್ಷ, ಮಾತು ಮರೆತ ನಟರಿಗೆ ಪರದೆಯ ಮರೆಯಿಂದ ಮಾತು ಎತ್ತಿಕೊಡುವ ಕೆಲಸ ಮಾಡಿದವರು. ಅವರ ಹೆಸರಿನಲ್ಲೂ ಅದೇ ಸ್ವರವಿದ್ದುದರಿಂದ ಎರಡು ವರ್ಷದಿಂದ ನಾನು ಅವರಿಗೆ ಹೆಸರು ಹೇಳದೆ ನಮಸ್ಕಾರ ಮಾಡುತ್ತಿದ್ದೆ. ಏನಾಯಿತೆಂದು ಕೇಳಿದರು, ಹೇಳಿದೆ. ಒಗೆದ ಹಾಸಿಗೆ ಹೊದಿಕೆಯನ್ನು ಬುಟ್ಟಿಗೆ ತುಂಬುತ್ತಲೇ, ತಮಗೆ ಸಂಜೆ ಐದರಿಂದ ಏಳರವರೆಗೆ ಬಿಡುವಿದೆ, ಬಂದರೆ ಹೇಳಿಕೊಡುತ್ತೇನೆ ಎಂದರು.

"ಅಯ್ಯೋ ಬೇಡ, ನಿಮಗ್ಯಾಕೆ ತೊಂದರೆ" ಎಂದೆ.

"ಸರಿ ಹಾಗಾದ್ರೆ" ಎಂದು ಬುಟ್ಟಿ ಎತ್ತಿಕೊಂಡು ಮೆಟ್ಟಿಲು ಹತ್ತಿದರು.

ನಾನು ಕುಳಿತಲ್ಲೇ ಕಾದೆ. ನಮ್ಮಲ್ಲಿ ಯಾರಾದರೂ ಏನನ್ನಾದರೂ ಕೊಡುತ್ತೇನೆಂದರೆ ಮೊದಲ ಸಲ ಬೇಡವೆನ್ನಬೇಕು. ಎರಡನೇ ಸಲವೂ ಬೇಡವೆನ್ನಬೇಕು. ಮೂರನೇ ಸಲ ತಲೆ ತಗ್ಗಿಸಿ ಒಪ್ಪಿಕೊಳ್ಳಬೇಕು. ಮೊದಲ ಸಲಕ್ಕೇ ಹೂಂ ಎನ್ನುವವನನ್ನು ಹಸಿದ ನಾಯಿಯಂತೆ ನೋಡುತ್ತಾರೆ. ನನ್ನದು ಒಂದು ಬೇಡ ಮುಗಿದಿತ್ತು. ಇನ್ನೆರಡು ಸಲ ಅವರು ಕೇಳಬೇಕಿತ್ತು.

ಭಾನುವಾರ ಕೇಳಲಿಲ್ಲ. ಎದುರಾಗಲಿ ಎಂದು ಮೂರು ಸಲ ಕಸ ಹಾಕಲು ಹೋದೆ. ಮೂರನೇ ಸಲ ಚೀಲದಲ್ಲಿ ಒಂದು ಮೊಟ್ಟೆಯ ಸಿಪ್ಪೆ ಮಾತ್ರ ಇತ್ತು. ಸೋಮವಾರ ಮೆಟ್ಟಿಲು ಗುಡಿಸುವ ಸರದಿ ಅವರ ಮಹಡಿಯದು. ಬೇಕೆಂದೇ ಅವರನ್ನು ದಾಟಿ ಎರಡು ಸಲ ಹತ್ತಿ ಇಳಿದೆ. ಒದ್ದೆ ಮೆಟ್ಟಿಲ ಮೇಲೆ ಯಾಕೆ ಓಡಾಡುತ್ತೀರಿ ಎಂದು ಕೇಳಿದರು. ಅಷ್ಟೇ ಕೇಳಿದರು. ನನ್ನ ತುಟಿ ತಾನಾಗಿಯೇ ಮುಂದೆ ಚಾಚಿಕೊಂಡು ಹಿಂದೆ ಬರುತ್ತಿತ್ತು. ಬೇಕರಿಯಲ್ಲಿ, ದಾರಿ ದಾಟುವಾಗ, ಹಲ್ಲುಜ್ಜುವಾಗ. ನಿದ್ದೆಯೂ ತುಂಡು ತುಂಡಾಗಿತ್ತು. ಯಾವ ಕೆಲಸಕ್ಕೆ ಕೈ ಹಾಕಿದರೂ ಅರ್ಧಕ್ಕೆ ಬಿಟ್ಟು ಕಿಟಕಿಗೆ ಹೋಗಿ ನಿಲ್ಲುತ್ತಿದ್ದೆ.

ಮಂಗಳವಾರ ರಶ್ತ್‌ನಿಂದ ಅಕ್ಕ ಮಾಹ್‌ರುಖ್ ಫೋನು ಮಾಡಿದಾಗ ಎಲ್ಲ ಹೇಳಿದೆ. ಅವಳಿಗೆ ಅನುಮಾನವೇ ಇರಲಿಲ್ಲ. "ಎರಡನೇ ಸಲ ಕೇಳ್ಲಿಲ್ವಾ? ಹಾಗಾದ್ರೆ ಅವರಿಗೆ ಮನಸ್ಸಿಲ್ಲ ಬೊರ್ಜೂ ಜಾನ್. ಸುಮ್ನೆ ಬಾಯಿಮಾತಿಗೆ ಹೇಳಿದಾರೆ. ನೀನೇ ಹೋಗಿ ಬಾಗಿಲು ತಟ್ಟಿ ನಮ್ಮ ಮಾನ ಕಳೀಬೇಡ" ಎಂದಳು. ಅವಳ ಮಾತು ಕೇಳಿ ಸಮಾಧಾನವಾಯಿತು. ಫೋನು ಇಟ್ಟ ಕೂಡಲೇ ಆ ಸಮಾಧಾನ ಹೋಯಿತು.

ಬುಧವಾರ ಮಧ್ಯಾಹ್ನ ಡಿಪೋದಲ್ಲಿ ದನೂತಾ ಎಂಬ ಪೋಲಿಷ್ ಹುಡುಗಿಯ ಜೊತೆ ಊಟಕ್ಕೆ ಕುಳಿತಿದ್ದೆ. ನನ್ನ ಜೊತೆಯಲ್ಲೇ ತರಬೇತಿಗೆ ಸೇರಿದವಳು, ಪರೀಕ್ಷೆ ಪಾಸಾಗಿ ಆಗಲೇ ಗಾಡಿ ಓಡಿಸುತ್ತಿದ್ದಳು. ನಾನು ರೊಟ್ಟಿ ಅಗಿಯುವಾಗಲೂ ತುಟಿ ಚೂಪು ಮಾಡುತ್ತಿದ್ದುದನ್ನು ನೋಡಿ, ಯಾರಿಗೆ ಮುತ್ತು ಕೊಡುವ ತಯಾರಿ ಎಂದು ಗೇಲಿ ಮಾಡಿದಳು. ಫ್ರೌ ಕ್ಯೂನ್ ವಿಷಯ ಹೇಳಿದೆ. ಅಗಿಯುವುದನ್ನು ನಿಲ್ಲಿಸಿದಳು.

"ಅವರು ಹೇಳಿಕೊಡ್ತೀನಿ ಅಂದ್ರು. ನೀನು ಬೇಡ ಅಂದೆ."

"ಹೌದು."

"ಮತ್ತೆ ಇನ್ಯಾಕೆ ಕೇಳ್ತಾರೆ ಮಾರಾಯ? ಬೇಡ ಅಂದವನಿಗೆ ಬೇಡ ಅಂತ ಬಿಟ್ಟಿದಾರೆ. ಅದೇ ಇಲ್ಲಿ ಮರ್ಯಾದೆ. ನೀನು ಯಾವಾಗ ಹೇಳ್ತೀಯೋ ಅಂತ ಅವರು ಕಾಯ್ತಾನೂ ಇಲ್ಲ, ಮರೆತೇ ಹೋಗಿರ್ತಾರೆ. ಎದ್ದು ಹೋಗು."

ನಾಲ್ಕು ದಿನ. ಏಳರಲ್ಲಿ ನಾಲ್ಕನ್ನು ನಾನು ಮರ್ಯಾದೆಗೆಂದು ಮೆಟ್ಟಿಲ ಮೇಲೆ ಚೆಲ್ಲಿದ್ದೆ.

ಸಂಜೆ ಐದಕ್ಕೆ ಅವರ ಬಾಗಿಲ ಮುಂದೆ ನಿಂತೆ. ಕೈಯಲ್ಲಿ ಅಕ್ಕ ಕಳಿಸಿದ್ದ ಕಡಲೆಹಿಟ್ಟಿನ ಬಿಸ್ಕತ್ತಿನ ಡಬ್ಬಿ. ಬಾಗಿಲು ತೆರೆಯಿತು. ಸುತ್ತುಬಳಸಿ ಹೇಳುವುದಕ್ಕೆ ನನ್ನ ಹತ್ತಿರ ಅಷ್ಟು ಭಾಷೆಯೂ ಇರಲಿಲ್ಲ.

"ನನಗೆ ಹೇಳಿಕೊಡಿ. ಅವತ್ತು ಬೇಡ ಅಂದೆ. ಬೇಕಿತ್ತು" ಎಂದೆ.

ಬೇಕಿದ್ದರೆ ಬೇಡ ಎಂದೇಕೆ ಹೇಳಿದಿರಿ ಎಂದರು. ನಮ್ಮ ಊರಿನ ಲೆಕ್ಕ ವಿವರಿಸಿದೆ. ಗಮನವಿಟ್ಟು ಕೇಳಿ, ಅಷ್ಟು ಹೊತ್ತಿಗೆ ಟೀ ಆರಿಹೋಗುವುದಿಲ್ಲವೇ ಎಂದು ಕೇಳಿ ಒಳಗೆ ಕರೆದರು. ಬಿಸ್ಕತ್ತು ಕೊಟ್ಟೆ, ಬೇಡವೆಂದರು. ಮತ್ತೆ ಚಾಚಿದೆ; ಬೇಡವೆಂದರು. ಮೂರನೇ ಸಲ ಚಾಚಿದಾಗ, ತಮಗೆ ಸಕ್ಕರೆ ಕಾಯಿಲೆ, ಇನ್ನೊಂದು ಸಲ ಒತ್ತಾಯ ಮಾಡಿದರೆ ಆಚೆಗೆ ಕಳಿಸುತ್ತೇನೆ ಎಂದರು.

ಮೊದಲು ಬಾಟಲಿಯ ಬಿರಡೆಯೊಂದನ್ನು ಹಲ್ಲುಗಳ ನಡುವೆ ಕಚ್ಚಲು ಹೇಳಿದರು. ನಟರೆಲ್ಲ ಹೀಗೇ ಅಭ್ಯಾಸ ಮಾಡುತ್ತಾರಂತೆ. ಬಿರಡೆ ಬೀಳುತ್ತಲೇ ಇತ್ತು. ಕೊನೆಗೆ ನಾನೇ, ಬಂದವರಿಗೆಂದು ಮೇಜಿನ ಮೇಲಿಟ್ಟಿದ್ದ ಸಕ್ಕರೆ ಗಟ್ಟಿ ಕೇಳಿದೆ. ಸಕ್ಕರೆ ಗಟ್ಟಿಯನ್ನು ಮುಂದಿನ ಹಲ್ಲಿನಲ್ಲಿ ಹಿಡಿದು, ಅದರ ಮೂಲಕ ಟೀ ಹೀರುತ್ತ, ಮಧ್ಯಾಹ್ನವೆಲ್ಲ ಹರಟುವವರ ಊರು ನಮ್ಮದು. ಅದು ಬೀಳಲಿಲ್ಲ. ಕರಗುವುದರೊಳಗೆ ಮಾತು ಮುಗಿಯಬೇಕಿತ್ತು, ಅಷ್ಟೇ. ಮಾತು ಮುಗಿಯಲಿಲ್ಲ, ಸಕ್ಕರೆ ಮುಗಿಯಿತು. ಹನ್ನೆರಡು ಗಟ್ಟಿ. ಕರಗುವುದನ್ನು ಅವರು ಆಸೆಯಿಂದ ನೋಡುತ್ತಿದ್ದರು.

"ದನಿ ತೆಗೀಬೇಡಿ" ಎಂದರು. "ದನಿ ಬಂದ್ರೆ ತಪ್ಪು ಅದರೊಳಗೆ ಬಚ್ಚಿಟ್ಟುಕೊಳ್ಳುತ್ತೆ. ಪಿಸುಗುಟ್ಟಿ. ಎಲ್ಲಿ ತಪ್ಪಿದೆ ಅಂತ ಇಬ್ಬರಿಗೂ ಗೊತ್ತಾಗುತ್ತೆ."

ತಾವೇ ಒಂದು ಸಲ ಹೇಳಿ ತೋರಿಸಿದರು. ಮೂವತ್ತೊಂದು ವರ್ಷ ಮರೆಯಲ್ಲಿ ಕುಳಿತು ಪಳಗಿದ ಪಿಸುಮಾತು. ಅಡುಗೆಮನೆಯ ಈ ತುದಿಯಿಂದ ಹೊರಟು, ಕಿಟಕಿಯ ಗಾಜಿಗೆ ತಾಗಿ, ನನ್ನ ಕಿವಿಯ ಪಕ್ಕದಲ್ಲೇ ಹೇಳಿದಂತೆ ಬಂತು. ಅಷ್ಟುದ್ದದ ಹೆಸರಿನ ಒಂದು ಅಕ್ಷರವೂ ದಾರಿಯಲ್ಲಿ ಬಿದ್ದುಹೋಗಲಿಲ್ಲ.

ಹೆಸರನ್ನು ಹಿಂದಿನಿಂದ ಕಟ್ಟಿದೆವು. ಮೊದಲು ಕೆ. ಆಮೇಲೆ ಬ್ರ್ಯೂಕೆ. ‘ಈ’ ಎಂದು ಪಿಸುಗುಟ್ಟುತ್ತ ಹಾಗೇ ಇರಿ, ನಾಲಿಗೆ ಅಲುಗಿಸಬೇಡಿ, ತುಟಿ ಮಾತ್ರ ಮುಂದೆ ತನ್ನಿ ಎಂದು ಗಲ್ಲಗಳೆರಡನ್ನೂ ಬೆರಳಿನಿಂದ ಒತ್ತಿ ಹಿಡಿದರು. ಯಾರೂ ಎರಡು ವರ್ಷದಿಂದ ನನ್ನ ಮುಖ ಮುಟ್ಟಿರಲಿಲ್ಲ. ಅದನ್ನು ಯೋಚಿಸುತ್ತ ನಾಲಿಗೆ ಅಲುಗಿಸುವುದನ್ನು ಮರೆತೆ. ಆಗ ಆ ಸ್ವರ ಬಂತು. ಸಣ್ಣದು, ಗಾಳಿಯಷ್ಟೇ. ಫ್ರೌ ಕ್ಯೂನ್ ಕೈ ತೆಗೆದರು, ಅದು ಹೊರಟುಹೋಯಿತು. ಮತ್ತೆ ಹಿಡಿದರು.

ಹೆಸರಿನ ಆರಂಭದ ‘ಎ’ ಹೋಗಲಾಡಿಸಲು ಗುರುವಾರವಿಡೀ ಬೇಕಾಯಿತು. ಮಗುವನ್ನು ಸುಮ್ಮನಾಗಿಸುವಾಗ ಶ್ಶ್ ಎನ್ನುತ್ತೀರಲ್ಲ, ಅಲ್ಲಿಂದ ಶುರು ಮಾಡಿ, ಉಸಿರು ಮುಗಿಯುವ ಹೊತ್ತಿಗೆ ಉಳಿದದ್ದನ್ನು ಹೊರಗೆ ತಳ್ಳಿ ಎಂದರು. ಶ್ಶ್ಶ್. ಆ ಸದ್ದಿನ ಹಿಂದೆ ಬಾಗಿಲಿರಲಿಲ್ಲ, ‘ಎ’ ಒಳಬರಲು ಜಾಗವಿರಲಿಲ್ಲ. ಏಳಕ್ಕೆ ಗಡಿಯಾರ ನೋಡಿ ಎದ್ದು ಬಾಗಿಲು ತೆರೆದರು. ಚೆನ್ನಾಗಿ ಹೇಳಿದೆನೇ ಎಂದು ಕೇಳಿದೆ. ಇನ್ನೂ ಇಲ್ಲ ಎಂದರು.

ಶುಕ್ರವಾರ ಹತ್ತು ಗಂಟೆಗೆ ಹೆರ್ ಕ್ನಾಪೆ ನನ್ನ ಹಿಂದಿನ ಮಡಿಸುವ ಸೀಟಿನಲ್ಲಿ ಕುಳಿತರು. ತೊಡೆಯ ಮೇಲೆ ಕಾಗದ, ಅದರ ಮೇಲೆ ಮುಚ್ಚಿದ ಪೆನ್ನು. ಗಾಡಿ ತುಂಬಿತ್ತು. ಹಳಿಯ ಪ್ರತಿ ಜೋಡಣೆಯೂ ನನ್ನ ದವಡೆಗೆ ತಾಗುತ್ತಿತ್ತು. ತಿರುವಿಗೆ ಮುಂಚಿನ ನಿಲ್ದಾಣ ಬಂತು. ಮೈಕಿನ ಗುಂಡಿ ಒತ್ತಿದೆ.

ಪಿಸುಗುಟ್ಟಿದೆ.

ಬೇಕೆಂದು ಮಾಡಿದ್ದಲ್ಲ. ಎರಡು ದಿನ ಆ ಹೆಸರನ್ನು ದನಿಯಿಲ್ಲದೆ ಮಾತ್ರ ಹೇಳಿದ್ದೆ, ಬಾಯಿ ಹಾಗೇ ಕಲಿತಿತ್ತು. ಶ್ಶ್ ಎಂಬ ಸದ್ದು ಎಲ್ಲ ಸ್ಪೀಕರುಗಳಿಂದ ಒಟ್ಟಿಗೆ ಹೊರಟಿತು. ಹರಟುತ್ತಿದ್ದವರು ಸುಮ್ಮನಾದರು. ಫೋನಿನಲ್ಲಿದ್ದ ಒಬ್ಬಾಕೆ ಫೋನನ್ನು ಎದೆಗೆ ಒತ್ತಿಕೊಂಡಳು. ಆ ಮೌನದಲ್ಲಿ ಕಾಲುಚೀಲ ನೇಯುವವರ ಸೇತುವೆಯ ಹೆಸರು ಒಂದೂ ಅಕ್ಷರ ಚೆಲ್ಲದೆ ಕೊನೆಯ ಬಾಗಿಲವರೆಗೆ ಹೋಯಿತು. ಎದ್ದರು, ಇಳಿದರು. ಕನ್ನಡಿಯಲ್ಲಿ ನೋಡುತ್ತಿದ್ದೆ. ಒಬ್ಬ ಮುದುಕ ಇಳಿಯುವಾಗ ಬೆಂಕಿಯೇನಾದರೂ ಬಿದ್ದಿದೆಯೇ ಎಂಬಂತೆ ಹಿಂದೆ ತಿರುಗಿ ನೋಡಿದ.

"ಗಂಟಲು ಕೆಟ್ಟಿದೆಯಾ?" ಹೆರ್ ಕ್ನಾಪೆ ಕೇಳಿದರು.

ಇಲ್ಲ ಎಂದೆ.

"ಹಾಗಾದ್ರೆ ಬಾಯಿ ಬಿಟ್ಟು ಹೇಳಿ. ಇಳಿದದ್ದು ನೋಡಿದೆ. ಆದ್ರೆ ಇದು ಟ್ರಾಮು, ಮಲಗೋ ಕೋಣೆ ಅಲ್ಲ. ವಾಪಸ್ ಹೋಗುವಾಗ ಇನ್ನೊಂದು ಸಲ."

ಕೊನೆಯ ನಿಲ್ದಾಣದಲ್ಲಿ ಎಂಟು ನಿಮಿಷ ಬಿಡುವು. ಜಲ್ಲಿಯ ಮೇಲೆ ಅತ್ತಿತ್ತ ನಡೆದೆ. ಪಿಸುಮಾತಿಗೆ ದನಿ ಸೇರಿಸಿ ನೋಡಿದೆ, ನಾಲಿಗೆ ಜಾರಿತು. ಮತ್ತೆ ಸೇರಿಸಿದೆ, ತುಟಿ ಸಡಿಲವಾಯಿತು. ಬೇಲಿಯಾಚೆ ತೋಟದಲ್ಲಿ ಕೆಲಸ ಮಾಡುತ್ತಿದ್ದವನು ಗುದ್ದಲಿ ಊರಿ ನನ್ನನ್ನೇ ನೋಡುತ್ತಿದ್ದ. ನೋಡಲಿ ಎನಿಸಿತು. ಎಂಟು ನಿಮಿಷದಲ್ಲಿ ಹದಿನಾರು ಸಲ ಹೇಳಿದೆ. ಎರಡು ಸರಿ ಬಂದವು, ಯಾವ ಎರಡು ಎಂಬುದು ಮಾತ್ರ ಗೊತ್ತಾಗಲಿಲ್ಲ.

ಮರಳಿ ಬರುವಾಗ ಗಾಡಿಯ ಹಿಂಭಾಗದಲ್ಲಿ ಶಾಲೆಯ ಹುಡುಗಿಯರ ಗುಂಪೊಂದು ಹತ್ತಿಕೊಂಡಿತು. ಸೇತುವೆಯ ಆ ಬದಿಯ ನಿಲ್ದಾಣ ಬಂತು. ಗುಂಡಿ ಒತ್ತಿದೆ. ಶ್ಶ್ ಎನ್ನುವ ಮೊದಲೇ ಗಂಟಲಿನಿಂದ ದನಿ ಎದ್ದು ಬಂತು, ಅದರ ಜೊತೆಗೇ ಆ ಹಾಳು ‘ಎ’ಯೂ ಬಂತು. ನಿಲ್ಲಿಸಲಾಗಲಿಲ್ಲ. ನುಂಗಿಕೊಳ್ಳಲೂ ಆಗಲಿಲ್ಲ. ಅಷ್ಟು ಹೊತ್ತಿಗೆ ಮುಂದಿನದೆಲ್ಲ ಸಾಲಾಗಿ ಹೊರಟುಬಿಟ್ಟಿತ್ತು: ಕಾಲುಚೀಲ, ನೇಯುವವರು, ಕೊನೆಗೆ ಆ ಸ್ವರ, ಪೂರ್ತಿ ದನಿಯಲ್ಲಿ, ತುಟಿ ನೋಯುವಷ್ಟು ಗುಂಡಗೆ. ಮುಚ್ಚಿದೆ. ಇಲ್ಲೇ ಇಳಿಯಿರಿ.

ಹುಡುಗಿಯರು ನಕ್ಕರು. ಒಬ್ಬಳು ನನ್ನ ‘ಎ’ಯನ್ನೂ ಸೇರಿಸಿ ಹೆಸರನ್ನು ಕೂಗಿ ಹೇಳಿದಳು, ಉಳಿದವರು ಇನ್ನೂ ಜೋರಾಗಿ ನಕ್ಕರು. ನನ್ನ ಕಿವಿ ಕಾದುಹೋಯಿತು. ಬಾಗಿಲು ತೆರೆದೆ. ನಗುತ್ತಲೇ, ಚೀಲಗಳನ್ನು ಒಂದಕ್ಕೊಂದು ಬಡಿಯುತ್ತ, ಅಷ್ಟೂ ಜನ ಕೆಳಗಿಳಿದು ಸೇತುವೆಯ ಕಡೆಗೆ ನಡೆದರು.

ಬಾಗಿಲು ಮುಚ್ಚಿದೆ. ಹೆರ್ ಕ್ನಾಪೆ ಕಿಟಕಿಯಿಂದ ಅವರನ್ನು ನೋಡಿದರು.

"ನಕ್ರು" ಎಂದರು.

"ಹೌದು."

"ಇಳಿದ್ರು ಕೂಡ."

ಪೆನ್ನಿನ ಮುಚ್ಚಳ ತೆಗೆದ ಸದ್ದು ಕೇಳಿಸಿತು. ಕಾಗದದ ಮೇಲೆ ರುಜು ಹಾಕುತ್ತಿದ್ದಾರೆಂದು ಕನ್ನಡಿಯಲ್ಲಿ ಕಂಡೆ. ಸೋಮವಾರದಿಂದ ನಾಲ್ಕನೇ ನಂಬರು ನಿಮ್ಮದು, ಸೇತುವೆ ರಿಪೇರಿ ನವೆಂಬರಿನವರೆಗೂ ಮುಗಿಯುವುದಿಲ್ಲ ಎಂದರು. ದಿನಕ್ಕೆ ಹನ್ನೊಂದು ಸಲ, ನವೆಂಬರಿನವರೆಗೆ. ಟ್ರಾಮು ಹೊರಡಬಹುದೆಂಬ ಬಿಳಿ ಸಿಗ್ನಲ್ ಬಿತ್ತು, ಗಾಡಿ ಹೊರಡಿಸಿದೆ.