ಮುಖ ಕಾಣುವ ಜಾಗ

ಗದ್ದವನ್ನು ಆಸರೆಯ ಮೇಲಿಟ್ಟು, ಯಂತ್ರದ ಕತ್ತಲೆಯೊಳಗೆ ಇಣುಕಿ, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಅಷ್ಟೇ ಪರೀಕ್ಷೆ. ಚುಕ್ಕಿ ಕಾಣದಿದ್ದರೂ ನಾನು ಒತ್ತಿದೆ.

"ಒಟ್ಟೊರಿನೊ ಅವರೇ, ನಾನಿನ್ನೂ ಬೆಳಕೇ ಹಾಕಿಲ್ಲ," ಎಂದಳು ಡೆಬೊರಾ. ಪಾದೊವಾದ ಆ ಕಣ್ಣಿನ ಚಿಕಿತ್ಸಾಲಯದಲ್ಲಿ ಯಂತ್ರ ನೋಡಿಕೊಳ್ಳುವವಳು. "ಯಾರಿಗೆ ಟೋಪಿ ಹಾಕ್ತಿದೀರಿ? ನನಗೋ, ನಿಮ್ಮ ಕಣ್ಣಿಗೋ?"

ಛೇ, ಎಂಥ ನಾಚಿಕೆ! ಜೀವನವಿಡೀ ಕಾರು ಓಡಿಸುವುದನ್ನು ಕಲಿಸಿದವನು ನಾನು. "ಕಣ್ಣು ಎಲ್ಲಿಟ್ಟಿದೀಯೋ ಕತ್ತೆ!" ಎಂದು ಊರಿನ ಅರ್ಧ ಜನರನ್ನು ಬೈದವನು. ಈಗ ನನ್ನ ನೋಟದ ನಟ್ಟನಡುವೆಯೇ ಬೂದು ಮಬ್ಬು. ಯಾರನ್ನು ನೇರ ನೋಡಿದರೂ ಮುಖ ಮಾಯ. ಕಿವಿ, ಕಾಲರು ಮಾತ್ರ ಉಳಿಯುತ್ತವೆ.

ಎರಡನೆಯ ಸಲ ಸುಳ್ಳಾಡದೆ ಒತ್ತಿದೆ. ಅಕ್ಷಿಪಟಲದಲ್ಲಿ ಇನ್ನೂ ಚುರುಕಾಗಿದ್ದ ಒಂದು ಜಾಗವನ್ನು ಯಂತ್ರ ಪತ್ತೆಹಚ್ಚಿತು. ಆಮೇಲೆ ಆ ಜಾಗದಿಂದಲೇ ನೋಡುವ ತಾಲೀಮು. ಕಣ್ಣು ಸರಿಯಾಗಿ ಹೊರಳಿದರೆ ಯಂತ್ರ ಅವಸರವಾಗಿ ಟಿಕ್‌ಟಿಕ್ ಎನ್ನುತ್ತಿತ್ತು, ತಪ್ಪಿದರೆ ಸದ್ದು ನಿಧಾನವಾಗುತ್ತಿತ್ತು. ಕೊನೆಗೆ ರೂಢಿಯಾಯಿತು: ಎದುರಿನವರ ಹಣೆಯ ಮೇಲೆ, ಕೂದಲು ಶುರುವಾಗುವಲ್ಲಿ ನೋಟವಿಟ್ಟರೆ ಕೆಳಗೆ ಅವರ ಮುಖ ಮೂಡುತ್ತಿತ್ತು.

ಕಳೆದ ಭಾನುವಾರ ಮಧ್ಯಾಹ್ನ ಮಗಳು ಜಾದಾ ತಾನು ಮೆಚ್ಚಿದ ತೊಬಿಯನನ್ನೂ ಅವನ ತಾಯಿ ಲೊರೆದಾನಾ ಅವರನ್ನೂ ಮೊದಲ ಸಲ ಊಟಕ್ಕೆ ಕರೆತರುವವಳಿದ್ದಳು. ತಾಯಿಗೆ ಒಪ್ಪಿಗೆಯಾಗದೆ ಅವನು ಮದುವೆಗೆ ಹೂಂ ಅನ್ನುವವನಲ್ಲವಂತೆ.

"ರೀ, ಮಗಳಿಗೂ ಹೇಳಿಲ್ಲ ನೀವು. ಇವತ್ತಾದ್ರೂ ಬಾಯಿ ಬಿಡಿ," ಎಂದಳು ನನ್ನ ಹೆಂಡತಿ ಇವಾನಾ.

"ಕುರುಡ ಬೀಗ ಅನ್ನಿಸ್ಕೊಳ್ಳಲಾ? ನಿನ್ನ ಬಾತುಕೋಳಿ ಸೀದುಹೋಗ್ತಿದೆ, ಅದನ್ನ ನೋಡ್ಕೋ ಹೋಗು."

ಅವರು ಬಂದರು, ಕೂತರು. ನಮ್ಮಲ್ಲಿ ವೈನ್ ಗ್ಲಾಸು ತಾಗಿಸುವಾಗ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು. ಬೇರೆಡೆ ನೋಡಿದರೆ ಅವಮಾನ ಮಾಡಿದ ಹಾಗೆ. ಗ್ಲಾಸೆತ್ತಿ ಬೀಗಿತ್ತಿಯಾಗುವವರ ಕಡೆ ತಿರುಗಿದೆ. ಅವರ ಮುಖ ಕಾಣಲೇಬೇಕೆಂಬ ಆಸೆ. ಕಲಿತ ಹಾಗೆ ನೋಟವನ್ನು ಮೇಲಕ್ಕೊಯ್ದೆ.

ಲೊರೆದಾನಾ ತಮ್ಮ ಕೂದಲು ಮುಟ್ಟಿಕೊಂಡರು. "ಏನಾದ್ರೂ ಜಾರಿದೆಯಾ?"

"ಇಲ್ಲ ಇಲ್ಲ, ಚೆನ್ನಾಗಿದೆ," ಎಂದು ಇನ್ನೂ ಗಟ್ಟಿಯಾಗಿ ಅಲ್ಲೇ ನೋಟ ನೆಟ್ಟೆ.

ಅವರು ಗ್ಲಾಸು ಕೆಳಗಿಟ್ಟು, ಎದ್ದು ಬಾಲ್ಕನಿಗೆ ಹೋಗಿಬಿಟ್ಟರು.

"ಹೌದು, ವಿಗ್ಗೇ ಅದು," ಎಂದ ತೊಬಿಯ. "ಕ್ಯಾನ್ಸರ್ ಚಿಕಿತ್ಸೆಯಲ್ಲಿ ಕೂದಲೆಲ್ಲ ಹೋಯ್ತು. 'ಗೊತ್ತಾಗುತ್ತೇನೋ, ಗೊತ್ತಾಗುತ್ತೇನೋ' ಅಂತ ಕೇಳಿ ಕೇಳಿ ಬಂದಿದಾಳೆ ಅಮ್ಮ. ನೀವು ಅದನ್ನೇ ದುರುಗುಟ್ಟಿ ನೋಡಿದ್ರಿ."

"ಅಪ್ಪ! ಅವರ ಮುಂದೆ ಇನ್ನು ನಾನು ಯಾವ ಮುಖ ಇಟ್ಕೊಂಡು ನಿಲ್ಲಲಿ?" ಜಾದಾ ಅಳುವುದೊಂದೇ ಬಾಕಿ.

ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ನನ್ನ ಮಾನ ಕಾಪಾಡಿಕೊಳ್ಳಲು ಹೋಗಿ ಆ ಹೆಂಗಸಿನ ಮಾನ ತೆಗೆದಿದ್ದೆ. ಬಾಗಿಲ ಚೌಕಟ್ಟು ತಡವಿಕೊಂಡು ಬಾಲ್ಕನಿಗೆ ಹೋದೆ.

"ನನಗೆ ನೇರ ನೋಡಿದ್ರೆ ಏನೂ ಕಾಣೋದಿಲ್ಲ ಕಣಮ್ಮ," ಎಂದೆ. "ಕೂದಲ ಹತ್ರ ನೋಡಿದ್ರೆ ಮಾತ್ರ ಮುಖ ಕಾಣುತ್ತೆ. ನಿಮ್ಮ ಕೂದಲು ಕಪ್ಪೋ ಕೆಂಪೋ, ದೇವರಾಣೆ ಗೊತ್ತಿಲ್ಲ. ಮೊದಲೇ ಹೇಳೋಕೆ ನಾಚಿಕೆ ಆಯ್ತು. ತಪ್ಪಾಯ್ತು."

"ನೆಪ ಹೇಳ್ತಿದೀರಾ?"

"ಇಲ್ಲ."

ಅವರು ನನ್ನ ಕಡೆ ತಿರುಗಿದರು. "ಹಾಗಾದ್ರೆ ನೋಡಿ. ಏನ್ ಕಾಣುತ್ತೆ ಹೇಳಿ."

ನೋಟವನ್ನು ಮತ್ತೆ ಮೇಲಕ್ಕೆತ್ತಿದೆ. ಮುಖ ನಿಧಾನವಾಗಿ ಮೂಡಿತು. ಕೆಂಪಾದ ಕಣ್ಣು, ಕೆನ್ನೆಗಿಳಿದ ಕಾಡಿಗೆ, ಕಚ್ಚಿ ಹಿಡಿದ ತುಟಿ.

"ಅಳ್ತಿದೀರಿ," ಎಂದೆ.

"ಹೌದು," ಎಂದರು.

ಅಷ್ಟು ಸ್ಪಷ್ಟವಾಗಿ ಒಂದು ಮುಖ ನೋಡಿ ನನಗೆ ವರ್ಷವೇ ಆಗಿತ್ತು. ಅದನ್ನು ಅಳುವಂತೆ ಮಾಡಿದವನೂ ನಾನೇ.