ಓಪಲ್ ಡಕೆಟ್‌ಳ ದವಡೆಹಲ್ಲು

ಓಪಲ್ ಡಕೆಟ್ ಆರಡಿ ಮೇಲೊಂದು ಅಂಗುಲ ಎತ್ತರದ ಹೆಂಗಸು. ಅಷ್ಟುದ್ದದ ಮೈಯಲ್ಲಿ ನಾಚಿಕೆಗೆ ಅಂತ ದೇವರು ಒಂದಿಷ್ಟೂ ಜಾಗ ಬಿಟ್ಟಿರಲಿಲ್ಲ. ಅರ್ಕನ್ಸಾದ ಹತ್ತಿ ಹೊಲದ ನಡುವೆ ಹುಟ್ಟಿ, ಐದು ಜನ ಅಣ್ಣಂದಿರ ಜೊತೆ ಕೊಟ್ಟಿಗೆ ಗೋಡೆಗೆ ಹೊಡೆದ ಪೀಪಾಯಿ ಬಳೆಯೊಳಕ್ಕೆ ಚೆಂಡು ತೂರುತ್ತ ಬೆಳೆದವಳು. ಅಣ್ಣಂದಿರು ತಳ್ಳುತ್ತಿದ್ದರು, ಜಡೆ ಎಳೆಯುತ್ತಿದ್ದರು. ಇವಳು ನಾಲಿಗೆ ಹರಿಬಿಡುತ್ತಿದ್ದಳು. ಕೊನೆಗೆ ಅಣ್ಣಂದಿರೇ ಸೋತು ಸುಣ್ಣವಾಗಿ ಆಟ ಬಿಟ್ಟರು. ಓಪಲ್ ಮಾತ್ರ ಅದನ್ನೇ ಹೊಟ್ಟೆಪಾಡು ಮಾಡಿಕೊಂಡಳು.

‘ಓಝಾರ್ಕ್ ಕಡಜಗಳು’ ಅಂತ ಅವಳ ತಂಡದ ಹೆಸರು, ಓಝಾರ್ಕ್ ಅಂದರೆ ಆ ಸೀಮೆಯ ಬೆಟ್ಟಸಾಲು. ಏಳು ಜನ ಹೆಂಗಸರು, ಒಂದು ಉದ್ದನೆಯ ಡಿಸೋಟೋ ಕಾರು, ಅದನ್ನು ಓಡಿಸಲು ಹಾಯ್ಟ್ ಎಂಬ ಮ್ಯಾನೇಜರು. ಕಪ್ಪು ಹಳದಿ ಪಟ್ಟೆಯ ಕಾಲುಚೀಲ ತೊಟ್ಟು ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ದಿನಕ್ಕೊಂದು ಊರು, ಆ ಊರಿನ ಗಂಡಸರ ಜೊತೆ ಗಂಡಸರದೇ ನಿಯಮದಲ್ಲಿ ಬ್ಯಾಸ್ಕೆಟ್‌ಬಾಲು. ಗಂಡಸರು ಮೊದಲರ್ಧ ತಮಾಷೆ ಅಂದುಕೊಂಡು ಆಡುತ್ತಿದ್ದರು, ಎರಡನೆಯರ್ಧ ಮಾನ ಉಳಿಸಿಕೊಳ್ಳಲು ಆಡುತ್ತಿದ್ದರು. ಎರಡರಲ್ಲೂ ಸೋಲುತ್ತಿದ್ದರು.

ಐವತ್ಮೂರನೇ ಇಸವಿಯ ಜನವರಿಯಲ್ಲಿ ತಂಡ ನೆಬ್ರಾಸ್ಕಾದ ವಾಲ್ಬರ್ಗ್ ಎಂಬ ಊರಿಗೆ ಬಂತು. ಓಪಲ್‌ಗೆ ಆಗಲೇ ಎಡದವಡೆಯಲ್ಲಿ ಒಂದು ಹಲ್ಲು ಚಳುಕು ಹೊಡೆಯುತ್ತಿತ್ತು. ಲವಂಗದೆಣ್ಣೆ ಅದ್ದಿದ ಹತ್ತಿ ತುರುಕಿಕೊಂಡು, ಯಾರಿಗೂ ಹೇಳದೆ ಅಂಗಳಕ್ಕೆ ಇಳಿದಳು. ಎದುರು ತಂಡದ ಕ್ಯಾಪ್ಟನ್ ಡಾಕ್ಟರ್ ಸಿವರ್ಟ್ ಲುಂಡೀನ್. ಊರಿಗೆ ಇದ್ದೊಬ್ಬ ಹಲ್ಲಿನ ಡಾಕ್ಟರು. ಕಾಲೇಜಿನಲ್ಲಿ ಆಡಿದ್ದನಂತೆ. ಅದನ್ನು ಪಂದ್ಯಕ್ಕೆ ಮೊದಲೇ ಎಲ್ಲರಿಗೂ ತಿಳಿಸಿದ್ದ.

ಓಪಲ್‌ಗೆ ಇಷ್ಟು ಸಾಕಾಯಿತು.

ಡಾಕ್ಟರು ಓಡಿಬಂದು ಎಡವಿದಾಗ, “ಡಾಕ್ಟ್ರೇ, ನಿಮ್ಮ ಕಾಲಿಗೆ ಮರಗಟ್ಟೋ ಸೂಜಿ ಚುಚ್ಚಿದೋರು ಯಾರು?” ಎಂದು ಕೂಗಿದಳು. ಶಾಲೆಯ ಆಟದ ಹಾಲ್ ಕಿತ್ತುಹೋಗುವಂತೆ ನಕ್ಕಿತು. ಅವನ ಕಾಲುಗಳ ನಡುವಿನಿಂದ ಚೆಂಡು ತೂರಿಸಿ, “ಬಾಗಿಲು ತೆಗೆದೇ ಇಟ್ಟಿದೀರಲ್ಲ, ಚಳಿಗಾಳಿ ಬರಲ್ವಾ?” ಅಂದಳು. ಆಮೇಲೆ ಗೊತ್ತಾಯಿತು, ಅಲ್ಲಿ ಕೂತಿದ್ದವರೆಲ್ಲ ಒಂದಲ್ಲ ಒಂದು ದಿನ ಆ ಡಾಕ್ಟರ ಕುರ್ಚಿಯಲ್ಲಿ ಮಲಗಿ ಕಣ್ಣೀರು ಸುರಿಸಿದವರೇ. ಹುಟ್ಟಿದೂರಿನ ತಂಡ ಬಿಟ್ಟು ಓಪಲ್‌ಗೆ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನ ಒಬ್ಬ ಮುದುಕ ಎದ್ದು ನಿಂತು, “ಅವನಿಗೂ ಗೊತ್ತಾಗ್ಲಿ ನೋವು ಅಂದ್ರೆ ಏನೂಂತ!” ಎಂದು ಟೊಪ್ಪಿಗೆ ಬೀಸಿದ.

ಕೊನೆಯ ನಿಮಿಷದಲ್ಲಿ ಓಪಲ್ ನುಗ್ಗಿದ ರಭಸಕ್ಕೆ ಡಾಕ್ಟರು ನೆಲಕ್ಕುರುಳಿದ. ಕಡಜಗಳು ಗೆದ್ದವು. ಡಾಕ್ಟರು ಕೈಕುಲುಕದೆ ಹೋದ.

ಬೆಳಿಗ್ಗೆ ಎದ್ದರೆ ಎರಡು ಆಪತ್ತು ಒಟ್ಟಿಗೇ ಬಂದು ಕೂತಿದ್ದವು. ಹೊರಗೆ ಹಿಮ ಸುರಿದು ದಾರಿಯೆಲ್ಲ ಮುಚ್ಚಿಹೋಗಿತ್ತು. ಒಳಗೆ ಓಪಲ್‌ಳ ಎಡಗೆನ್ನೆ ಬನ್ನಿನ ಹಾಗೆ ಊದಿತ್ತು. ಜೊತೆಗಾತಿ ವೆಲ್ಮಾ ಅವಳನ್ನು ನೋಡಿ, “ಅಯ್ಯಯ್ಯೋ, ಮುಖದೊಳಗೆ ಚೆಂಡು ಬಚ್ಚಿಟ್ಕೊಂಡಿದೀಯೇನೇ?” ಎಂದು ಹಾಸಿಗೆಯಿಂದ ಜಿಗಿದಳು.

“ಇನ್ನೊಬ್ಬ ಡಾಕ್ಟ್ರು ಎಲ್ಲಿದಾರೆ ಕೇಳು,” ಅಂದಳು ಓಪಲ್, ಬಾಯಿಯ ಬಲಭಾಗದಿಂದ ಮಾತ್ರ.

ವೆಲ್ಮಾ ಹೋಟೆಲಿನವನನ್ನು ಕೇಳಿ ಬಂದಳು. “ಇದಾನಂತೆ. ಈ ದಾರೀಲಿ ಹೋದ್ರೆ ನಲವತ್ತು ಮೈಲಿ. ದಾರಿ ಮಾತ್ರ ಇಲ್ವಂತೆ.”

ಓಪಲ್ ಜಗತ್ತಿನ ಎಲ್ಲಾ ಬೈಗುಳಗಳನ್ನೂ ಒಂದು ಸಲ ಪಾಠ ಒಪ್ಪಿಸಿ, ಕೋಟು ಹಾಕಿಕೊಂಡಳು.

ಡಾಕ್ಟರ ಕ್ಲಿನಿಕ್ಕು ಔಷಧದಂಗಡಿಯ ಪಕ್ಕದಲ್ಲಿತ್ತು. ಮುಂದಿನ ಮೇಜಿನಲ್ಲಿ ಅವನ ತಾಯಿ ಮಿಸೆಸ್ ಲುಂಡೀನ್ ಉಣ್ಣೆ ಹೆಣೆಯುತ್ತ ಕೂತಿದ್ದಳು. ಓಪಲ್‌ಳನ್ನು ಕಂಡದ್ದೇ ಅವಳ ಮುಖ ಹಬ್ಬದ ದಿನದಂತೆ ಅರಳಿತು. “ಸಿವರ್ಟ್! ನಿನ್ನೆ ನಿನ್ನನ್ನ ನೆಲಕ್ಕೆ ಮಲಗಿಸಿದ್ಲಲ್ಲ, ಆ ಹುಡುಗಿ ಬಂದಿದಾಳೆ!”

“ಇವತ್ತು ಕ್ಲಿನಿಕ್ ಮುಚ್ಚಿದೆ ಅಂತ ಹೇಳಮ್ಮ,” ಒಳಗಿನಿಂದ ಧ್ವನಿ ಬಂತು.

“ಬೋರ್ಡು ತಿರುಗಿಸೋಳು ನಾನು. ತೆಗೆದಿದೆ.”

ಡಾಕ್ಟರು ಬಾಗಿಲಿಗೆ ಬಂದ. ಹಣೆಯ ಮೇಲೆ ನಿನ್ನೆಯ ತರಚುಗಾಯ. ಓಪಲ್‌ಳ ಕೆನ್ನೆ ನೋಡಿದ ಮೇಲೆ ಅವನ ಕಣ್ಣಿನಲ್ಲಿ ಒಂದು ಚಿಕ್ಕ ದೀಪ ಹೊತ್ತಿಕೊಂಡಿತು. “ಕೂತ್ಕೊಳ್ಳಿ, ಮಿಸ್ ಡಕೆಟ್. ಆದ್ರೆ ಒಂದು ಮಾತು. ನಿನ್ನೆ ಕೊನೇಲಿ ನನ್ನನ್ನ ಮೊಣಕೈಲಿ ತಳ್ಳಿದ್ದು ತಪ್ಪು ಅಂತ ಒಪ್ಕೊಳ್ಳಿ.”

“ನಾನು ತಳ್ಳಿಲ್ಲ.”

“ತಳ್ಳಿದ್ರಿ.”

“ಡಾಕ್ಟ್ರೇ, ಹಲ್ಲು ಬೇಕಾದ್ರೆ ಕಿತ್ಕೊಳ್ಳಿ. ಈ ಬಾಯಿಂದ ಸುಳ್ಳು ಕೀಳೋದು ಮಾತ್ರ ನಿಮ್ಮ ಕೈಲಾಗಲ್ಲ.”

“ಭೇಷ್,” ಅಂದಳು ಮಿಸೆಸ್ ಲುಂಡೀನ್, ಉಣ್ಣೆಯಿಂದ ಕಣ್ಣೆತ್ತದೆ.

ಓಪಲ್ ಆ ಕುರ್ಚಿಯಲ್ಲಿ ಮಲಗಿದರೆ ಮೊಣಕಾಲಿನಿಂದ ಕೆಳಗೆಲ್ಲ ಗಾಳಿಯಲ್ಲಿ ತೇಲುತ್ತಿತ್ತು. ತಾಯಿ ಎರಡು ಸ್ಟೂಲು ತಂದು ಕಾಲಿಗೆ ಆಸರೆ ಕೊಟ್ಟಳು. ಅಷ್ಟರಲ್ಲಿ ಸುದ್ದಿ ಊರೆಲ್ಲ ಹರಡಿ, ಹಿಮದಲ್ಲಿ ನಡೆದು ಬಂದ ಜನ ಕ್ಲಿನಿಕ್ಕಿನ ಕಿಟಕಿಗೆ ಮೂಗು ಒತ್ತಿ ನಿಂತರು. ಟೊಪ್ಪಿಗೆ ಬೀಸಿದ ಮುದುಕನೂ ಇದ್ದ. ಉಸಿರಿನಿಂದ ಗಾಜು ಮಸುಕಾದಾಗಲೆಲ್ಲ ತೋಳಿನಿಂದ ಒರೆಸಿ ಮತ್ತೆ ನೋಡುತ್ತಿದ್ದರು. ಡಾಕ್ಟರ ಹಣೆಯ ಮೇಲೆ ಬೆವರು ಒಡೆಯಿತು. ಇಡೀ ಊರೇ ಕಣ್ಣಿಟ್ಟು ನೋಡುವಾಗ ಹಲ್ಲು ಕಿತ್ತು ಅವನಿಗೆ ಅಭ್ಯಾಸವಿರಲಿಲ್ಲ. ಸೂಜಿ ಚುಚ್ಚಿ, ಇಕ್ಕಳ ಹಿಡಿದು, ಒಂದು ಕಾಲು ಕುರ್ಚಿಗೆ ಒತ್ತಿ ಎಳೆದ. ಹಲ್ಲು ಈಚೆಗೆ ಬಂತು. ಹೊರಗಿನವರು ಬುಟ್ಟಿಗೆ ಚೆಂಡು ಬಿದ್ದಂತೆ ಹೋ ಎಂದರು.

ಅದೇ ಹೊತ್ತಿಗೆ ಮ್ಯಾನೇಜರ್ ಹಾಯ್ಟ್ ಬೂಟಿನ ಹಿಮ ಕೊಡವುತ್ತ ಒಳಗೆ ಬಂದ. ಗಿರಾಕಿ ವಾಸನೆ ಎಲ್ಲಿದ್ದರೂ ಹಿಡಿಯುವ ಮನುಷ್ಯ. “ಡಾಕ್ಟ್ರೇ, ಹೇಗಿದ್ರೂ ದಾರಿ ಮುಚ್ಚಿದೆ. ಇವತ್ತು ಸಂಜೆ ಇನ್ನೊಂದು ಪಂದ್ಯ ಆಡೋಣ್ವಾ? ಸೇಡಿನ ಪಂದ್ಯ ಅಂತ ಬರೆಸ್ತೀನಿ.”

“ಆಡೋಣ. ಆದ್ರೆ ಇವರು ಆಡಕೂಡದು,” ಅಂದ ಡಾಕ್ಟರು.

ಬಾಯಿ ತುಂಬ ಹತ್ತಿ ಇದ್ದ ಓಪಲ್ ಕುರ್ಚಿಯಿಂದ ಎದ್ದು ನಿಂತಳು. ಎದ್ದು ನಿಂತದ್ದೇ ಉತ್ತರವಾಗಿತ್ತು.

“ಸರಿ,” ಅಂದ ಡಾಕ್ಟರು. ಮತ್ತೆ ಆ ಚಿಕ್ಕ ದೀಪ ಹೊತ್ತಿತು. “ಆಡಲಿ. ಆದ್ರೆ ನಾಳೆ ಬೆಳಿಗ್ಗೆವರೆಗೂ ಒಂದೇ ಒಂದು ಮಾತು ಆಡಕೂಡದು. ಆಡಿದ್ರೆ ರಕ್ತ ನಿಲ್ಲಲ್ಲ. ಇದು ಡಾಕ್ಟ್ರ ಅಪ್ಪಣೆ.”

“ಇದು ವೈದ್ಯವೇನೋ, ಸೇಡೇನೋ?” ಕೇಳಿದಳು ತಾಯಿ.

“ಎರಡೂ ಅಮ್ಮ,” ಅಂದ ಮಗ.

ಸಂಜೆ ಆಟದ ಹಾಲಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಮಾತಿಲ್ಲದ ಓಪಲ್ ಎಂದರೆ ಕೊಂಬು ಮುರಿದ ಗೂಳಿಯಂತಿದ್ದಳು. ಅವಳ ಆಟದ ಅರ್ಧ ನಾಲಿಗೆಯಲ್ಲಿತ್ತು. ಎದುರಾಳಿಯ ಸಿಟ್ಟು ಕೆರಳಿಸಿ, ಅವನು ಸಿಟ್ಟಿನಲ್ಲಿ ತಪ್ಪು ಮಾಡಿದಾಗ ನುಗ್ಗುವುದು ಅವಳ ಪದ್ಧತಿ. ಇವತ್ತು ಡಾಕ್ಟರದೇ ದರ್ಬಾರು. “ಏನ್ರೀ ಮಿಸ್ ಡಕೆಟ್, ನಾಲಿಗೇನ ಹೋಟೆಲಲ್ಲಿ ಬಿಟ್ಟು ಬಂದ್ರಾ?” ಅನ್ನುವನು, ಬುಟ್ಟಿಗೆ ಹಾಕುವನು. “ಕೇಳಿಸ್ತಿಲ್ಲ, ಜೋರಾಗಿ ಹೇಳಿ!” ಅನ್ನುವನು, ಮತ್ತೆ ಹಾಕುವನು. ಓಪಲ್‌ಳ ಗಂಟಲಲ್ಲಿ ಒಂದಕ್ಕಿಂತ ಒಂದು ಸೊಗಸಾದ ಉತ್ತರಗಳು ಬಂದು, ಹತ್ತಿಗೆ ಡಿಕ್ಕಿ ಹೊಡೆದು ವಾಪಸು ಹೊಟ್ಟೆಗೆ ಇಳಿಯುತ್ತಿದ್ದವು. ಹಲ್ಲುನೋವಿಗಿಂತ ಅದೇ ಹೆಚ್ಚು ಸಂಕಟ.

ಪಂದ್ಯದ ಮೂರನೇ ಕಾಲುಭಾಗದಲ್ಲಿ ಯಾರದೋ ಭುಜ ತಾಗಿ ಅವಳು ಮುಗ್ಗರಿಸಿದಳು. ತುಟಿಯಂಚಿನಲ್ಲಿ ರಕ್ತ ಇಣುಕಿತು. ಚೆಂಡು ಇನ್ನೂ ಅವಳ ಕೈಯಲ್ಲೇ ಇತ್ತು. ಡಾಕ್ಟರು ಅದನ್ನು ಕಂಡು ಆಟ ಮರೆತ. “ಬಾಯಿ ತೆಗೀರಿ, ನೋಡೋಣ,” ಎಂದು ಎರಡೂ ಕೈ ಮಂಡಿಯ ಮೇಲಿಟ್ಟು ಬಗ್ಗಿದ. ಓಪಲ್ ‘ಆ’ ಎಂದು ಬಾಯಿ ತೆರೆದಳು. ಅವನು ಕತ್ತು ಓರೆ ಮಾಡಿ ಒಳಗೆ ಇಣುಕಿದ. ಅವಳು ಅವನ ತಲೆಯ ಮೇಲಿನಿಂದಲೇ ಚೆಂಡು ಎಸೆದಳು. ಅದು ಬುಟ್ಟಿಯೊಳಗೆ ನುಣ್ಣಗೆ ಬಿತ್ತು.

ಜನ ನಕ್ಕು ನಕ್ಕು ಬೆಂಚಿನಿಂದ ಉರುಳಿದರು.

ಆಮೇಲೆ ಓಪಲ್ ಬಿಡುತ್ತಾಳೆಯೇ? ಚೆಂಡು ಹಿಡಿದು ಡಾಕ್ಟರ ಎದುರು ನಿಲ್ಲುವಳು, ಬಾಯಿ ತೆರೆದು ‘ಆ’ ಎನ್ನುವಳು. ಪಾಪ, ಅವನ ಬುದ್ಧಿ ಬೇಡ ಅಂದರೂ ಬೆನ್ನು ತಾನಾಗಿ ಬಗ್ಗುತ್ತಿತ್ತು. ಎಷ್ಟೋ ವರ್ಷದ ಅಭ್ಯಾಸ. ಬಾಯಿ ತೆರೆದರೆ ನೋಡಬೇಕು, ಅಷ್ಟೆ. ಅವನು ಬಗ್ಗುವಷ್ಟರಲ್ಲಿ ಅವಳು ಪಕ್ಕದಿಂದ ಮಾಯ.

“ಬಗ್ಗಬೇಡ ಕಣೋ!” ಅವನ ತಂಡದವರು ಅರಚಿದರು.

“ನಾನು ಬಗ್ತಿಲ್ಲ, ಅದೇ ಬಗ್ತಿದೆ!” ಎಂದು ಅವನೂ ಅರಚಿದ.

ಗಡಿಯಾರದಲ್ಲಿ ಕೊನೆಯ ಕ್ಷಣಗಳು. ವಾಲ್ಬರ್ಗ್ ಒಂದು ಪಾಯಿಂಟು ಮುಂದಿತ್ತು. ಚೆಂಡು ಓಪಲ್‌ಗೆ ಬಂತು, ಬಾಯಿ ತೆರೆಯಿತು. ಡಾಕ್ಟರು ಈ ಸಲ ಮೋಸಹೋಗಬಾರದೆಂದು ನಿರ್ಧರಿಸಿ ಕಣ್ಣನ್ನು ಬಿಗಿಯಾಗಿ ಮುಚ್ಚಿಕೊಂಡ. ಬೆನ್ನು ಸೆಟೆಸಿ, ಕೈ ಅಗಲಿಸಿ, ಕಣ್ಣು ಮುಚ್ಚಿ ಬಂಡೆಯ ಹಾಗೆ ನಿಂತ. ಓಪಲ್ ಅವನ ಸುತ್ತ ಬಳಸಿಕೊಂಡು, ಸಂತೆಗೆ ಹೊರಟವಳಂತೆ ನಿಧಾನವಾಗಿ ಚೆಂಡು ಪುಟಿಸುತ್ತ ಹೋಗಿ, ಬುಟ್ಟಿಗೆ ಹಾಕಿದಳು.

ಪಂದ್ಯ ಮುಗಿದ ಮೇಲೆ ಡಾಕ್ಟರು ಹುಳಿ ಕುಡಿದ ಮುಖ ಮಾಡಿಕೊಂಡು ಹತ್ತಿರ ಬಂದ. “ಹತ್ತಿ ಬದಲಾಯಿಸ್ಬೇಕು. ಬೆಳಿಗ್ಗೆ ಬನ್ನಿ,” ಅಂದ. ಬೆಳಿಗ್ಗೆ ದಾರಿ ತೆರೆದಿತ್ತು. ತಂಡ ಆಗಲೇ ಅಯೋವಾದ ಕಡೆ ಹೊರಟಿತ್ತು.

ಬಾವು ಇಳಿಯಿತು. ಮಾತೂ ವಾಪಸು ಬಂತು. ಆದರೆ ವಾರದ ಮೇಲೆ ಮಿಲ್ ಕ್ರೀಕ್ ಎಂಬ ಊರಿನಲ್ಲಿ ಸೇಬಿನ ಪೈ ಕಚ್ಚಿದವಳು ಕುರ್ಚಿಯಿಂದ ಮೇಲಕ್ಕೆ ಹಾರಿದಳು. ಅದೇ ದವಡೆ, ಅದೇ ನೋವು. ವೆಲ್ಮಾ ಕೈಗನ್ನಡಿ ಹಿಡಿದು ಒಳಗೆ ನೋಡಿದಳು. ಖಾಲಿ ಜಾಗದ ಪಕ್ಕದಲ್ಲೇ, ಕರ್ರಗೆ, ನಡುವೆ ಗುಂಡಿ ಬಿದ್ದ ಹಲ್ಲೊಂದು ಆರಾಮಾಗಿ ಕೂತಿತ್ತು.

“ಲೇ ಓಪಲ್,” ಅಂದಳು ವೆಲ್ಮಾ, ಬಹಳ ಮೆತ್ತಗೆ, “ನಿನಗೆ ಒಂದು ವಿಷಯ ಹೇಳ್ತೀನಿ, ಕೈ ಎತ್ತಬಾರದು.”

ಓಪಲ್ ಹೋಟೆಲಿನ ಫೋನಿಗೆ ಹೋದಳು. ವಾಲ್ಬರ್ಗಿನ ಡಾಕ್ಟರಿಗೆ ಹೇಳಲೆಂದು ದಾರಿಯುದ್ದಕ್ಕೂ ಮಾತು ಮಸೆದುಕೊಂಡೇ ಹೋದಳು.

“ಡಾಕ್ಟ್ರೇ, ನಾನು ಓಪಲ್ ಡಕೆಟ್. ನೀವು ಕಿತ್ತ ನನ್ನ ಹಲ್ಲು ಇನ್ನೂ ಇದೆಯಾ?”

“ಇದೆ,” ಅಂದ ಅವನು ಸಂಕೋಚದಿಂದ. “ಅಮ್ಮ ಗಾಜಿನ ಲೋಟದಲ್ಲಿ ಹಾಕಿ ಕಿಟಕೀಲಿ ಇಟ್ಟಿದಾಳೆ. ಊರಿನವರು ನೋಡೋಕೆ ಬರ್ತಾರೆ.”

“ಅದರಲ್ಲಿ ಎಲ್ಲಾದ್ರೂ ಹುಳುಕು ಇದೆಯಾ, ಒಂದು ಸಲ ನೋಡಿ ಹೇಳಿ.”

ಲೋಟದ ಸದ್ದಾಯಿತು.

“ಮಿಸ್ ಡಕೆಟ್...”

“ಹೇಳಿ.”

“ಇದು ಒಳ್ಳೇ ಹಲ್ಲು.”

“ನನಗೂ ಹಾಗೇ ಅನ್ನಿಸಿತ್ತು. ಚಿಕ್ಕಂದಿನಿಂದ ಜೊತೇಲಿತ್ತಲ್ಲ.”

“ಇಷ್ಟು ವರ್ಷದಲ್ಲಿ ಒಂದು ಸಲಾನೂ ನನ್ನ ಕೈ ಹೀಗೆ ತಪ್ಪಿಲ್ಲ,” ಅಂದ ಡಾಕ್ಟರು. ಧ್ವನಿ ನಡುಗುತ್ತಿತ್ತು. “ಕಿಟಕೀಲಿ ಅವರೆಲ್ಲ ನಿಂತಿದ್ರಲ್ಲ... ಇಲ್ಲ, ಅದು ನೆವ. ತಪ್ಪು ನಂದೇ.”

ಮಸೆದ ಮಾತುಗಳೆಲ್ಲ ಓಪಲ್‌ಳ ನಾಲಿಗೆಯ ಮೇಲೆ ಸಾಲಾಗಿ ನಿಂತಿದ್ದವು. ಒಂದನ್ನೂ ಬಿಡಲು ಮನಸ್ಸಾಗಲಿಲ್ಲ. ಬಿದ್ದವನನ್ನು ಅಂಗಳದಲ್ಲಿ ತುಳಿಯುವುದು ಬೇರೆ, ಫೋನಿನಲ್ಲಿ ತುಳಿಯುವುದು ಬೇರೆ. “ಅಳಬೇಡಿ ಡಾಕ್ಟ್ರೇ. ನಾನು ಮೊಣಕೈಲಿ ತಳ್ಳಿದ್ದು ನಿಜ,” ಅಂದುಬಿಟ್ಟಳು. ಅಂದ ಮೇಲೆ ಅವಳಿಗೇ ಆಶ್ಚರ್ಯವಾಯಿತು.

“ಅಮ್ಮಾ, ತಳ್ಳಿದ್ದು ನಿಜವಂತೆ!” ಎಂದು ಅವನು ಆ ಕಡೆ ಕೂಗಿದ್ದು ಕೇಳಿಸಿತು. “ಅಲ್ಲೇ ಇರಿ. ನಾನು ಬರ್ತೀನಿ.”

ಹಿಮದ ದಾರಿಯಲ್ಲಿ ಅರ್ಧ ದಿನ ಕಾರು ಓಡಿಸಿಕೊಂಡು ಬಂದ. ಪಕ್ಕದಲ್ಲಿ ತಾಯಿ, ಹಿಂದಿನ ಸೀಟಿನಲ್ಲಿ ಸಾಮಾನಿನ ಪೆಟ್ಟಿಗೆ. ಹೋಟೆಲಿನ ಅಡುಗೆಮನೆಯ ಮೇಜಿನ ಮೇಲೆ ಓಪಲ್‌ಳನ್ನು ಮಲಗಿಸಿದರು. ಈ ಸಲ ಮಿಸೆಸ್ ಲುಂಡೀನ್ ತನ್ನ ಹೆಣಿಗೆಯ ಕೆಂಪು ನೂಲನ್ನು ಹುಳುಕು ಹಲ್ಲಿಗೆ ಸುತ್ತಿ ಗಂಟು ಹಾಕಿದಳು. “ಇದು. ಇದೊಂದೇ. ಅರ್ಥ ಆಯ್ತಾ?” ಎಂದು ಮಗನಿಗೆ ಎರಡು ಸಲ ತೋರಿಸಿದಳು. ಅವನು ಸರಿಯಾದದ್ದನ್ನೇ ಕಿತ್ತ. ಕೈ ಅಲುಗಲಿಲ್ಲ.

ಆ ಸಂಜೆ ಮಿಲ್ ಕ್ರೀಕ್‌ನವರ ಜೊತೆ ಪಂದ್ಯ. ಎದುರು ತಂಡದ ಕ್ಯಾಪ್ಟನ್ ಊರಿನ ಬ್ಯಾಂಕಿನ ಮ್ಯಾನೇಜರು, ಹೊಟ್ಟೆಗಿಂತ ಒಂದು ಹೆಜ್ಜೆ ಹಿಂದೆ ನಡೆಯುವ ಮನುಷ್ಯ. ಓಪಲ್‌ಳ ಬಾಯಿ ತುಂಬ ಮತ್ತೆ ಹತ್ತಿ. ಬ್ಯಾಂಕಿನವನು ಚೆಂಡು ಕೈಬಿಟ್ಟ. ಅವನಿಗೆ ಹೇಳಬಹುದಾದ ಐದಾರು ಒಳ್ಳೊಳ್ಳೆ ಮಾತು ಹೊಳೆದು ಅವಳು ಒದ್ದಾಡುತ್ತಿದ್ದಾಗ ಪ್ರೇಕ್ಷಕರ ನಡುವೆ ಡಾಕ್ಟರ್ ಲುಂಡೀನ್ ಎದ್ದು ನಿಂತ. ಕೈಯನ್ನು ಬಾಯಿಗೆ ಕೊಳವೆ ಮಾಡಿಕೊಂಡ.

“ಏಯ್ ಬ್ಯಾಂಕಿನೋನೇ!” ಎಂದು ಗರ್ಜಿಸಿದ. ಹಾಲ್ ತಿರುಗಿ ನೋಡಿತು. ಅವನು ಸ್ವಲ್ಪ ಯೋಚಿಸಿದ. “ನೀನು... ನೀನು ಚೆನ್ನಾಗಿ ಆಡ್ತಿಲ್ಲ!”

ಯಾರೂ ನಗಲಿಲ್ಲ. ಮಿಸೆಸ್ ಲುಂಡೀನ್ ಉಣ್ಣೆಯಲ್ಲಿ ಮುಖ ಮುಚ್ಚಿಕೊಂಡಳು. ಆದರೂ ಅವನು ಕೂರಲಿಲ್ಲ. ಪಂದ್ಯ ಮುಗಿಯುವವರೆಗೂ ಅಂಥವೇ ಒಂದರ ಹಿಂದೊಂದು ಕೂಗುತ್ತಲೇ ಇದ್ದ, ಖುಷಿಯಿಂದ ಮುಖ ಕೆಂಪಾಗಿ.

“ಯಾರೇ ಆ ಮಂಕ, ನಮ್ಮ ಕಡೆಯವನಾ?” ವೆಲ್ಮಾ ಓಡುತ್ತಲೇ ಕೇಳಿದಳು.

ಓಪಲ್ ತಲೆಯಾಡಿಸಿ ಹೌದೆಂದಳು. ಜೀವಮಾನದಲ್ಲೇ ಮೊದಲ ಸಲ ಅವಳಿಗೆ ನಾಚಿಕೆಯಾಗಿತ್ತು, ಆ ಬೈಗುಳಗಳ ಗುಣಮಟ್ಟ ಕೇಳಿ.