ಬೈಯುವವರಿಲ್ಲದ ಊರು

ರಶ್ತ್ ಊರಿನಲ್ಲಿ ಎರಡು ದಿನ ಮಳೆ ನಿಂತರೆ ಜನ ಗಾಬರಿಯಿಂದ ಆಕಾಶ ನೋಡುತ್ತಾರೆ. ಅಂಥ ಊರಿನಲ್ಲಿ ಹುಟ್ಟಿ ಬೆಳೆದ ಫರಂಗೀಸ್, ಗಂಡ ಇರಜನಿಗೆ ಟೈಲ್ಸ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದು ಮರಳುಗಾಡಿನ ಯಜ್ದ್‌ಗೆ ಬಂದಿಳಿದಾಗ ಅವಳ ಗಂಟುಮೂಟೆಯಲ್ಲಿ ಬೆಳ್ಳುಳ್ಳಿ ಉಪ್ಪಿನಕಾಯಿಯ ಮೂರು ಭರಣಿಗಳ ಜೊತೆ ಎರಡು ಕೊಡೆಗಳೂ ಇದ್ದವು. ಕೊಡೆ ಯಾಕೆ ತಂದಳೋ ಅವಳಿಗೇ ಗೊತ್ತು.

ಹೊರಡುವ ಮೊದಲೇ ಗಂಡಹೆಂಡಿರ ನಡುವೆ ಮಾತಾಗಿತ್ತು. ಒಂದು ಬೇಸಿಗೆ ಇದ್ದು ನೋಡುವುದು. ಅಡುಗೆಮನೆಯ ಬಾಗಿಲಿಗೆ ಒಂದು ಹಾಳೆ ಅಂಟಿಸಿ, ಒಂದು ಕಡೆ ಹಿಡಿಸಿದ್ದನ್ನೂ ಇನ್ನೊಂದು ಕಡೆ ಹಿಡಿಸದ್ದನ್ನೂ ಬರೆಯುತ್ತ ಹೋಗುವುದು. ಬೇಸಿಗೆ ಮುಗಿದಾಗ ಯಾವ ಪಟ್ಟಿ ಉದ್ದವಾಗಿರುತ್ತದೋ ಅದರಂತೆ ನಡೆಯುವುದು. ಇರಜನಿಗೆ ಇಲ್ಲೇ ಉಳಿಯುವ ಆಸೆ. ಹೆಂಡತಿ ಮಲಗಿದ ಮೇಲೆ ಹಿಡಿಸಿದ್ದರ ಕೆಳಗೆ ತಾನೇ ‘ಇಲ್ಲಿನ ಮಿಠಾಯಿ’ ಎಂದು ಗೀಚಿಡುತ್ತಿದ್ದ. ಬೆಳಗೆದ್ದು ಅವಳು ಅದನ್ನು ಹೊಡೆದುಹಾಕುತ್ತಿದ್ದಳು.

ಅವಳು ಮಾತ್ರ ನ್ಯಾಯವಾಗಿಯೇ ಬರೆದಳು. ಕೈಗೆಟುಕುವಂತಿರುವ ನಕ್ಷತ್ರಗಳು ಹಿಡಿಸಿದವು. ಒಗೆದ ಬಟ್ಟೆ ಒಂದು ಲೋಟ ಚಹಾ ಮುಗಿಯುವುದರೊಳಗೆ ಗರಿಗರಿಯಾಗಿ ಒಣಗುವುದು ಹಿಡಿಸಿತು. ಧೂಳು, ಒಡೆದ ತುಟಿ, ಎತ್ತ ನೋಡಿದರೂ ಮಣ್ಣಿನದೇ ಬಣ್ಣ, ಪಕ್ಕದ ಕೋಣೆಯ ಮಗ್ಗದ ಸದ್ದು, ಇವು ಹಿಡಿಸಲಿಲ್ಲ. ಎಲ್ಲಕ್ಕಿಂತ ಕೆಳಗೆ, ಎರಡು ಗೆರೆ ಎಳೆದು ಬರೆದದ್ದು ಒಂದು ಸಾಲು: ‘ಇಲ್ಲಿ ಯಾರೂ ಬೈಯುವುದಿಲ್ಲ.’

ಇದೇನು ದೂರು ಎಂದು ಇರಜ ನಕ್ಕಿದ್ದ. ಆದರೆ ಅವಳ ಸಂಕಟ ಸುಳ್ಳಲ್ಲ. ರಶ್ತ್‌ನಲ್ಲಿ ಪಕ್ಕದ ಮನೆಯವಳು ಬೆಳಿಗ್ಗೆ ಜಗಳಕ್ಕೆ ಬಂದರೆ ಮಧ್ಯಾಹ್ನ ಹೊಗೆಯಾಡಿಸಿದ ಮೀನು ಕಳಿಸುತ್ತಿದ್ದಳು. ಇಲ್ಲಿ ಎಲ್ಲರ ಬಾಯಲ್ಲೂ ಜೇನು. ದಯಮಾಡಿಸಿ, ನಿಮ್ಮ ಮನೆಯೇ ಅಂದುಕೊಳ್ಳಿ ಎನ್ನುತ್ತಾರೆ, ಮೆಲ್ಲಗೆ ಬಾಗಿಲು ಹಾಕಿಕೊಳ್ಳುತ್ತಾರೆ. ಅತಿಥಿಯಾಗಿಯೇ ಎಷ್ಟು ದಿನ ಬದುಕಲಾದೀತು?

ಮನೆಯೊಡತಿ ಬೀಬಿ ತೂಬಾ ಇದರಲ್ಲಿ ಎಲ್ಲರನ್ನೂ ಮೀರಿಸಿದವಳು. ಎಪ್ಪತ್ತು ದಾಟಿದ, ಮಂಡಿನೋವಿನ ಮುದುಕಿ. ಪಕ್ಕದ ಕೋಣೆಯಲ್ಲಿ ಮಗ್ಗ ಹಾಕಿಕೊಂಡು ರೇಷ್ಮೆ ನೇಯುತ್ತಿದ್ದಳು. ಅವಳ ಕೋಣೆಗೂ ಇವರ ಕೋಣೆಗೂ ನಡುವೆ ಒಂದೇ ಹಜಾರ. ಮಾಳಿಗೆಯ ಮೇಲೆ ಎತ್ತರಕ್ಕೆ ನಿಂತ ಗಾಳಿಗೂಡಿನ ಬಾಯಿ ಆ ಹಜಾರಕ್ಕೇ ತೆರೆದುಕೊಂಡಿತ್ತು; ಎರಡೂ ಕೋಣೆಗೆ ತಂಪು ಬರುತ್ತಿದ್ದುದು ಅದರಿಂದಲೇ. ಜೂನ್ ತಿಂಗಳಲ್ಲಿ ಅದರಿಂದ ಧೂಳೂ ಪಾರಿವಾಳದ ಪುಕ್ಕವೂ ಊಟದ ಬಟ್ಟೆಯ ಮೇಲೆ ಉದುರಿ ಫರಂಗೀಸಳಿಗೆ ರೇಗಿಹೋಯಿತು. ತಮ್ಮ ಕೋಣೆಗೆ ಕೂಲರ್ ತರಿಸಿದಳು. ಗಾಳಿಗೂಡಿನ ಬಾಯಿಗೆ ಹಳೆಯ ರಜಾಯಿ ತುರುಕಿ ಹಲಗೆ ಹೊಡೆಯಲು ಹೊರಟಳು. ಸುತ್ತಿಗೆ ಇದೆಯೇ ಎಂದು ಕೇಳಿದ್ದು ಬೀಬಿಯನ್ನೇ. ಬೀಬಿ ಎರಡೂ ಕೈಯಿಂದ ಸುತ್ತಿಗೆ ಕೊಟ್ಟು, ನಿಮ್ಮದೇ ಮನೆ ತಾಯಿ ಎಂದು ನಕ್ಕಳು. ಆಮೇಲೆ ಮಗ್ಗದ ಸದ್ದೂ ನಿಂತಿತು. ಒಳ್ಳೆಯದೇ ಆಯಿತೆಂದು ಫರಂಗೀಸ್ ಅಂದುಕೊಂಡಳು.

ಬೇಸಿಗೆ ಮುಗಿಯುತ್ತ ಬಂತು. ಕಾರ್ಖಾನೆಯವರು ಶನಿವಾರದೊಳಗೆ ಹೇಳಿ ಎಂದಿದ್ದರು, ಸಹಿ ಹಾಕಬೇಕು ಇಲ್ಲವೇ ಬಿಡಬೇಕು. ಹಾಳೆಯಲ್ಲಿ ಹಿಡಿಸದ್ದೇ ಐದು ಸಾಲು ಮುಂದಿತ್ತು. ಗುರುವಾರ ಮಧ್ಯಾಹ್ನ ಕರೆಂಟು ಹೋಯಿತು. ಕೂಲರ್ ನಿಂತ ಅರ್ಧ ಗಂಟೆಗೆ ಮನೆ ಬೆಂಕಿ ಹಚ್ಚಿದ ಒಲೆಯಾಯಿತು. ಕೂಲರ್ ಇಲ್ಲದ ಮುದುಕಿಯ ಗತಿಯೇನು ಎಂದು ಫರಂಗೀಸಳಿಗೆ ಆಗ ಹೊಳೆಯಿತು, ಬೇಸಿಗೆಯಿಡೀ ಹೊಳೆಯದ್ದು. ಹೋಗಿ ಬಾಗಿಲು ತಟ್ಟಿದಳು. ಒಳಗೆ ಯಾರೂ ಇರಲಿಲ್ಲ. ಮಗ್ಗದ ಮೇಲೆ ಬಟ್ಟೆ ಹೊದಿಸಿತ್ತು, ಹಾಸಿಗೆ ಇರಲಿಲ್ಲ. ಕೋಣೆಯ ಬಿಸಿಗೆ ಅಲ್ಲಿ ಉಸಿರಾಡಲೂ ಆಗಲಿಲ್ಲ.

ಅಂಗಳದ ಮೂಲೆಯಲ್ಲಿ ಒಂದು ಗಿಡ್ಡ ಬಾಗಿಲು ಅರೆ ತೆರೆದಿತ್ತು. ಸಾಮಾನಿನ ಕೋಣೆಯೆಂದು ಅವಳು ಎಂದೂ ಇಣುಕಿರಲಿಲ್ಲ. ಒಳಗೆ ಮೆಟ್ಟಿಲುಗಳು ಕೆಳಗಿಳಿದಿದ್ದವು. ಇಳಿದಳು. ಹತ್ತು, ಇಪ್ಪತ್ತು, ಮೂವತ್ತು. ಬೆವರು ಆರಿತು. ನಲವತ್ತರ ಹೊತ್ತಿಗೆ ತೋಳಿನ ಮೇಲೆ ನವಿರೆದ್ದಿತು. ಐವತ್ತನೆಯ ಮೆಟ್ಟಿಲಿನಲ್ಲಿ ಅವಳಿಗೊಂದು ಸದ್ದು ಕೇಳಿತು. ಹುಟ್ಟಿದಾಗಿನಿಂದ ಕೇಳಿಕೊಂಡು ಬಂದ ಸದ್ದು, ಈ ಊರಿನಲ್ಲಿ ಸತ್ತೇಹೋಯಿತೆಂದುಕೊಂಡಿದ್ದ ಸದ್ದು. ಹರಿಯುವ ನೀರು.

ಕಲ್ಲಿನ ಪುಟ್ಟ ಕೋಣೆ. ಗೋಡೆಯ ಈ ಸುರಂಗದಿಂದ ಬಂದು ಆ ಸುರಂಗಕ್ಕೆ ಹೋಗುವ, ಕನ್ನಡಿಯಷ್ಟು ತಿಳಿಯಾದ ಹೊಳೆ. ಲಾಟೀನಿನ ಬೆಳಕು ಅದರಿಂದೆದ್ದು ಛಾವಣಿಯ ಮೇಲೆಲ್ಲ ಓಡಾಡುತ್ತಿತ್ತು. ಬೀಬಿ ನೀರಿನಲ್ಲಿ ಕಾಲಿಳಿಬಿಟ್ಟು ಕೂತಿದ್ದಳು. ಫರಂಗೀಸ್ ಬಗ್ಗಿ ನೀರು ಮುಟ್ಟಿದಳು.

“ಎಲ್ಲಿಂದ ಬರತ್ತೆ ಬೀಬಿ, ಇದು?”

“ಬೆಟ್ಟದಿಂದ. ಹಿರೀಕರು ಮೊಣಕಾಲೂರಿ ತೋಡಿದ್ದು. ದಿನಗಟ್ಟಲೆ ನಡೆಯೋ ದಾರೀನ ಮರಳಿನ ಅಡಿಯಲ್ಲೇ ನಡ್ಕೊಂಡು ಬರತ್ತೆ. ನಿಮ್ಮ ಅಡುಗೆಮನೆ ಕೆಳಗೂ ಹಾಯತ್ತೆ ತಾಯಿ.”

ಧೂಳು ಧೂಳು ಎಂದು ಬರೆದ ಹಾಳೆಯ ಕೆಳಗೇ ಇದು ಹರಿಯುತ್ತಿತ್ತು. ಬೆಟ್ಟದಿಂದ ಒಂದು ಹನಿಯನ್ನೂ ಬಿಸಿಲಿಗೆ ಬಿಟ್ಟುಕೊಡದೆ ಇಲ್ಲಿಗೆ ತಂದವರನ್ನು ನೆನೆದು ಅವಳಿಗೆ ನಿಂತಲ್ಲೇ ಕೈ ಮುಗಿಯಬೇಕೆನಿಸಿತು. ಆಮೇಲೆ ಕಣ್ಣು ಮೂಲೆಗೆ ಹೋಯಿತು. ಹಾಸಿಗೆ, ದಿಂಬು, ಮಂಡಿಗೆ ಹಚ್ಚುವ ಎಣ್ಣೆಯ ಸೀಸೆ. ದಿನಕ್ಕೆ ಎಷ್ಟು ಸಲ ಈ ಮೆಟ್ಟಿಲು ಹತ್ತಿಳಿದಿದ್ದಾಳೋ.

“ನಾನು ಹಲಗೆ ಹೊಡೆದಾಗಿಂದ ಇಲ್ಲೇ ಮಲಗ್ತಿದೀರಾ? ಒಂದು ಮಾತು ಹೇಳಬಾರದಿತ್ತಾ?”

ಬೀಬಿ ನೀರನ್ನೇ ನೋಡುತ್ತ ಹೇಳಿದಳು. “ಬಾಗಿಲಿನ ಹಾಳೆ ಓದಿದ್ದೆ. ಹಿಡಿಸದ್ದೇ ಉದ್ದ ಇತ್ತು. ನನ್ನಿಂದ ಇನ್ನೊಂದು ಸಾಲು ಸೇರೋದು ಬೇಡ ಅನ್ಕೊಂಡೆ. ಮಗ್ಗಾನೂ ಅದಕ್ಕೇ ಮುಚ್ಚಿಟ್ಟೆ. ನೀವು ಉಳ್ಕೊಂಡ್ರೆ ಚೆನ್ನಾಗಿರತ್ತೆ ಅಂತ ಆಸೆ, ಅಷ್ಟೇ.”

ಫರಂಗೀಸ್ ದಡದಡ ಮೆಟ್ಟಿಲು ಹತ್ತಿದಳು. ಅದೇ ಸುತ್ತಿಗೆಯಿಂದ ಹಲಗೆ ಕಿತ್ತು, ರಜಾಯಿ ಎಳೆದಳು. ಮೂರು ತಿಂಗಳ ಧೂಳು ತಲೆಯ ಮೇಲೆ ಸುರಿಯಿತು. ಅದರ ಹಿಂದೆಯೇ ಗಾಳಿ ಬಂತು. ಹೊರಗೆ ಒಂದೆಲೆಯೂ ಅಲ್ಲಾಡುತ್ತಿರಲಿಲ್ಲ. ಆ ಗೂಡು ಮಾತ್ರ ಆಕಾಶದಲ್ಲೆಲ್ಲೋ ಇದ್ದ ಗಾಳಿಯನ್ನು ಹಿಡಿದು ಕೆಳಗಿಳಿಸುತ್ತಿತ್ತು. ಹಜಾರದ ಪರದೆಗಳೆಲ್ಲ ಎದ್ದು ನಿಂತವು. ಅವಳು ಬಾಯಿ ತೆರೆದುಕೊಂಡು ಅದರ ಕೆಳಗೆ ನಿಂತೇ ಇದ್ದಳು.

ಮರುದಿನ ಬೆಳಿಗ್ಗೆ, ಹರಡಿದ ಧೂಳನ್ನೆಲ್ಲ ತೊಳೆದುಬಿಡೋಣವೆಂದು ತವರಿನ ಅಭ್ಯಾಸದಂತೆ ನಲ್ಲಿಗೆ ಪೈಪು ಸಿಕ್ಕಿಸಿ ಅಂಗಳಕ್ಕೆ ನೀರು ಬಿಟ್ಟಳು. ನೀರು ಹರಿದು ಬೀದಿ ಬಾಗಿಲನ್ನು ಮುಟ್ಟುವಷ್ಟರಲ್ಲಿ ಮಗ್ಗದ ಕೋಣೆಯ ಕಿಟಕಿ ದಡಾರನೆ ತೆರೆಯಿತು.

“ಏ ಹುಡುಗಿ, ನಿಲ್ಸೇ ಅದನ್ನ! ನಿಮ್ಮೂರಿನ ಮಳೆ ಅನ್ಕೊಂಡ್ಯಾ? ಪೊರಕೆ ಹಿಡಿಯಕ್ಕೆ ಕೈಯಿಲ್ವಾ ನಿಂಗೆ? ಬೆಟ್ಟದಿಂದ ತಂದಿದ್ದನ್ನ ಬೀದಿಗೆ ಚೆಲ್ತಾಳೆ, ಬುದ್ಧಿಗೇಡಿ!”

ಅಷ್ಟು ಹೇಳಿ ಬೀಬಿ ಕಿಟಕಿ ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಮಗ್ಗದ ಸದ್ದು ಶುರುವಾಯಿತು.

ಫರಂಗೀಸ್ ನಲ್ಲಿ ನಿಲ್ಲಿಸಿದಳು. ಒದ್ದೆ ಕೈಯಲ್ಲೇ ಅಡುಗೆಮನೆಗೆ ಹೋಗಿ, ಎರಡು ಗೆರೆ ಎಳೆದಿದ್ದ ಸಾಲನ್ನು ಹೊಡೆದುಹಾಕಿದಳು. ಮಗ್ಗದ ಸಾಲನ್ನೂ ಹೊಡೆದಳು. ಶುಕ್ರವಾರದ ರಜೆಯೆಂದು ಮಲಗಿದ್ದ ಇರಜ ಸದ್ದಿಗೆ ಎದ್ದು ಬಂದ. ಹೆಂಡತಿಯ ಕಣ್ಣಲ್ಲಿ ನೀರು ಕಂಡು ಏನಾಯಿತೆಂದು ಕೇಳಿದ.

“ಬೀಬಿ ಹತ್ರ ಬೈಸ್ಕೊಂಡೆ” ಎಂದಳು ಅವಳು, ಮೂಗೊರೆಸಿಕೊಳ್ಳುತ್ತ. “ನಾಳೆ ಹೋಗಿ ಸಹಿ ಹಾಕು.”